ಮನೆ ಹೆಸರು ಕಡಿದ ಹನ್ನೊಂದು ಸಾಲು

ಕಳೆದ ವರ್ಷ ಓಣಂ ರಜೆ ಮುಗಿದ ಮೊದಲ ಸೋಮವಾರ, ನಾನು ಕೆಲಸ ಮಾಡುವ ಕನ್ನಡ ದಿನಪತ್ರಿಕೆಯ ಹಳೆಯ ಸಂಚಿಕೆಗಳೆಲ್ಲ ಇಂಟರ್ನೆಟ್‌ಗೆ ಬಂದವು. ಕಾಸರಗೋಡಿನ ನಮ್ಮ ಕಛೇರಿಯ ಹಿಂದಿನ ಕೋಣೆಯಲ್ಲಿ ರಟ್ಟು ಕಟ್ಟಿ ಇಟ್ಟಿದ್ದ ಸಂಪುಟಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಲು ಎಂಟು ತಿಂಗಳು ಹಿಡಿದಿತ್ತು. ಬರೀ ಚಿತ್ರವಾಗಿ ಅಲ್ಲ. ಅಚ್ಚಾದ ಅಕ್ಷರಗಳನ್ನು ಯಂತ್ರವೇ ಓದಿಕೊಂಡಿತ್ತು. ಒಂದು ಹೆಸರು ಬರೆದು ಹುಡುಕಿದರೆ ಆ ಹೆಸರಿದ್ದ ಸುದ್ದಿಗಳೆಲ್ಲ ಸಾಲಾಗಿ ಬರುತ್ತಿದ್ದವು.

ಈ ಕೆಲಸ ಮಾಡಿಸಿದವರು ನಮ್ಮ ಜಾಲತಾಣ ನೋಡಿಕೊಳ್ಳುವ ಸಹೋದ್ಯೋಗಿ. ಹಿಂದೆ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದುದರಿಂದ ಕಛೇರಿಯಲ್ಲಿ ಎಲ್ಲರಿಗೂ ಅವರು ಟೀಚರ್. ನಾನು ಸುದ್ದಿ ಮೇಜಿನ ಮುಖ್ಯಸ್ಥ. ವರದಿಗಾರರು ಕಳಿಸಿದ್ದನ್ನು ತಿದ್ದಿ, ಪುಟದಲ್ಲಿ ಇರುವ ಜಾಗಕ್ಕೆ ತಕ್ಕಂತೆ ಕಡಿದು ಕೂರಿಸುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಅದನ್ನೇ ಮಾಡುತ್ತಿದ್ದೇನೆ.

ಅದೇ ವಾರ ಏಜೆನ್ಸಿಯಿಂದ ತಂತ್ರಜ್ಞಾನದ ಸುದ್ದಿಯೊಂದು ಬಂದಿತ್ತು. ಹುಡುಕಾಟದ ಕಂಪೆನಿಗಳ ಹೊಸ ಯಂತ್ರಗಳು ಕನ್ನಡ, ಮಲಯಾಳಂ ಸೇರಿ ಹಲವು ಭಾಷೆಗಳ ಹಳೆಯ ಮುದ್ರಣವನ್ನು ಓದಬಲ್ಲವು, ವ್ಯಾಪಾರ ಸಂಸ್ಥೆಗಳು ತಮ್ಮೊಂದಿಗೆ ವ್ಯವಹರಿಸುವವರ ಹಿನ್ನೆಲೆ ತಿಳಿಯಲು ಇವನ್ನು ಬಳಸತೊಡಗಿವೆ ಎಂಬುದು ಅದರ ಸಾರ. ನಾನು ಅದನ್ನು ಏಳನೇ ಪುಟದಲ್ಲಿ, ಕಾಳುಮೆಣಸಿನ ಧಾರಣೆಯ ಕೆಳಗೆ ಹಾಕಿದೆ. ನಮ್ಮ ಹಿಂದಿನ ಕೋಣೆಗೂ ಆ ಸುದ್ದಿಗೂ ಸಂಬಂಧವಿದೆ ಎಂದು ಹೊಳೆಯಲಿಲ್ಲ.

ಹಳೆಯ ಸಂಚಿಕೆಗಳ ಉಪಯೋಗ ಮೊದಲು ಕಂಡವರು ರಾಜಕೀಯದವರು. ಪಂಚಾಯತ್ ಚುನಾವಣೆ ಹತ್ತಿರವಿತ್ತು. ಒಂದು ಪಕ್ಷದ ವಾರ್ಡ್ ಪ್ರಮುಖರೊಬ್ಬರು ಫೋನ್ ಮಾಡಿ, ಎದುರಾಳಿಗಳು ಹಿಂದೆ ಕೊಟ್ಟ ಭರವಸೆಗಳ ಸುದ್ದಿ ಬೇಕು ಎಂದರು. ಎಲ್ಲರಿಗೂ ತೆರೆದಿದೆ, ನೀವೇ ಹುಡುಕಿಕೊಳ್ಳಿ ಎಂದು ಟೀಚರ್ ದಾರಿ ಹೇಳಿಕೊಟ್ಟರು. ಮರುದಿನ ಎದುರಾಳಿಗಳ ಫೋನ್ ಬಂತು.

"ನಿಮ್ಮದನ್ನು ಅವರು ನಿನ್ನೆಯೇ ಓದಿ ಆಗಿರಬಹುದು" ಎಂದರು ಟೀಚರ್.

"ಅಯ್ಯೋ ದೇವರೆ! ನಮ್ದನ್ನು ಮಾತ್ರ ಅಳಿಸ್ಲಿಕ್ಕೆ ಆಗ್ತದಾ ಟೀಚರೇ?"

ಈ ಮಾತು ಎರಡು ದಿನ ಕಛೇರಿಯಲ್ಲಿ ಓಡಾಡಿತು. ನಾನೂ ನಕ್ಕೆ.

ದೀಪಾವಳಿಯ ನಂತರದ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಸೀತಾಂಗೋಳಿಯಿಂದ ಒಬ್ಬರು ಬಂದರು. ಅಲ್ಲಿ ಅವರಿಗೆ ತೆಂಗಿನೆಣ್ಣೆಯ ಗಿರಣಿಯಿದೆ. ಎಣ್ಣೆ ತೆಗೆದು, ಬಾಟಲಿಗೆ ತುಂಬಿ, ಚೀಟಿ ಅಂಟಿಸಿ ಅಂಗಡಿಗಳಿಗೆ ಕಳಿಸುತ್ತಾರೆ. ಹತ್ತು ಮಂದಿ ಕೆಲಸಕ್ಕಿದ್ದರು, ಹೆಚ್ಚಿನವರು ಅಕ್ಕಪಕ್ಕದ ಹೆಂಗಸರು. ಅವರ ಮನೆಮಾತು ತುಳು. ನಮ್ಮೊಂದಿಗೆ ಕನ್ನಡ. ಕೈಯಲ್ಲಿ ಪ್ಲಾಸ್ಟಿಕ್ ಫೈಲು ಇತ್ತು. ಕುರ್ಚಿ ತೋರಿಸಿದರೂ ಕುಳಿತುಕೊಳ್ಳಲಿಲ್ಲ.

"ಸಾರ್, ನಾನು ಜೈಲಿಗೆ ಹೋದದ್ದು ಯಾವಾಗ?"

"ಎಂತ ಆಯ್ತು? ಕುತ್ಕೊಳ್ಳಿ."

"ನಿಮ್ಮ ಪೇಪರಿನಲ್ಲಿ ಉಂಟಂತೆ. ನನಗೆ ಗೊತ್ತಿಲ್ಲ, ಹೆಂಡತಿಗೆ ಗೊತ್ತಿಲ್ಲ. ದುಬಾಯಿಯವರಿಗೆ ಗೊತ್ತುಂಟು."

ಫೈಲಿನಲ್ಲಿದ್ದುದು ಇಷ್ಟು. ಗಲ್ಫಿನ ಒಂದು ಸೂಪರ್‌ಮಾರ್ಕೆಟ್ ಸಂಸ್ಥೆ ಅವರ ಎಣ್ಣೆಯ ಮಾದರಿ ಒಪ್ಪಿ ಆರ್ಡರ್ ಕೊಡಲು ಮುಂದಾಗಿತ್ತು. ಒಪ್ಪಂದಕ್ಕೆ ಮೊದಲು ಮಾಲಕರ ಹಿನ್ನೆಲೆ ಪರಿಶೀಲಿಸುವ ಕೆಲಸವನ್ನು ಇನ್ನೊಂದು ಕಂಪೆನಿಗೆ ಒಪ್ಪಿಸಿತ್ತು. ಆ ಕಂಪೆನಿಯ ವರದಿ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಒಂದು ಸಾಲು ಕೆಂಪು ಬಣ್ಣದಲ್ಲಿ: ಮಾಲಕರು ಅಕ್ರಮ ಮದ್ಯ ಸಾಗಾಟದಲ್ಲಿ ಬಂಧಿತರಾಗಿದ್ದರು. ಆಧಾರ, ನಮ್ಮ ಪತ್ರಿಕೆಯ ಹದಿನಾರು ವರ್ಷ ಹಿಂದಿನ ಒಂದು ಸುದ್ದಿ. ಸಮರ್ಪಕ ವಿವರಣೆ ಬಾರದಿದ್ದರೆ ಅರ್ಜಿ ಮುಕ್ತಾಯ. ಗಡುವಿಗೆ ಒಂಬತ್ತು ದಿನ ಉಳಿದಿತ್ತು.

"ಬೇರೆ ಎಂತ ಕೇಸಾದ್ರೂ ಮಾತಾಡಿ ನೋಡ್ಬಹುದಿತ್ತು ಸಾರ್. ಕುಡಿಯುವ ಸಾಮಾನಿನ ಕೇಸು ಅಂದ್ರೆ ಅವರು ಫೈಲೇ ಮುಚ್ಚುದು. ಇನ್ನೂ ನಾಲ್ಕು ಹೆಂಗಸರಿಗೆ ಕೆಲಸಕ್ಕೆ ಬನ್ನಿ ಅಂತ ಹೇಳಿ ಆಗಿದೆ. ಒಬ್ಬಳು ಇದ್ದ ಕೆಲಸ ಬಿಟ್ಟಾಯ್ತು."

ಟೀಚರ್ ಆ ದಿನದ ಪುಟ ತೆರೆದರು. ಮೂರನೇ ಪುಟ, ಒಂದು ಕಾಲಂ, ಹನ್ನೊಂದು ಸಾಲು. 'ಕರ್ನಾಟಕ ಮದ್ಯ ಸಹಿತ ಓರ್ವ ಸೆರೆ.' ಗಡಿಯಾಚೆಯಿಂದ ಮದ್ಯದ ಪ್ಯಾಕೆಟ್ ತರುವವರನ್ನು ಹಿಡಿದ ಸುದ್ದಿ ನಮ್ಮಲ್ಲಿ ವಾರಕ್ಕೆ ಮೂರಾದರೂ ಇರುತ್ತದೆ. ಇದೂ ಅಂಥದ್ದೇ. ಪಿಕ್‌ಅಪ್ ವ್ಯಾನಿನಲ್ಲಿ ತರಕಾರಿ ಚೀಲಗಳ ಕೆಳಗೆ ಮದ್ಯ ಸಿಕ್ಕಿತ್ತು. ಚಾಲಕನ ಹೆಸರು, ವಯಸ್ಸು, 'ಪೈವಳಿಕೆ ಸಮೀಪದ ನಿವಾಸಿ' ಎಂಬ ಮೂರು ಪದ. ಅಷ್ಟೆ.

"ನಿಮ್ಮ ಮೂಲ ಊರು ಪೈವಳಿಕೆಯಾ?" ಎಂದು ಕೇಳಿದೆ.

"ಹೌದು. ಹೆಸರು ನನ್ನದೇ, ವಯಸ್ಸೂ ನನ್ನದೇ. ಆದ್ರೆ ಮನುಷ್ಯ ನಾನಲ್ಲ. ಅದು ನನ್ನ ಚಿಕ್ಕಮ್ಮನ ಮಗ."

ವಿಷಯ ಹೀಗೆ. ಅವರ ಕುಟುಂಬದಲ್ಲಿ ಗಂಡುಮಕ್ಕಳಿಗೆ ಸೋದರಮಾವನ ಹೆಸರು ಇಡುವುದು ವಾಡಿಕೆ. ಮನೆಯ ಯಜಮಾನನಾಗಿದ್ದ ಮಾವ ತೀರಿಕೊಂಡ ವರ್ಷವೇ ಗಿರಣಿಯವರ ಅಮ್ಮನಿಗೂ ಅವರ ತಂಗಿಗೂ ನಾಲ್ಕು ತಿಂಗಳ ಅಂತರದಲ್ಲಿ ಗಂಡುಮಕ್ಕಳಾದವು. ಇಬ್ಬರೂ ಅದೇ ಹೆಸರಿಟ್ಟರು. ಅಕ್ಕ ಇದ್ದದ್ದು ಮೇಲಿನಮನೆಯಲ್ಲಿ, ತಂಗಿ ಕೆಳಗಿನಮನೆಯಲ್ಲಿ. ಊರಿನಲ್ಲಿ ಯಾರಿಗೂ ಗೊಂದಲವಾಗಲಿಲ್ಲ. ಹೆಸರಿನ ಮುಂದೆ ಮನೆ ಸೇರಿಸಿ ಕರೆದರಾಯಿತು.

"ಪೇಪರಿನಲ್ಲಿ ಬಂದ ದಿನ ನಿಮ್ಮನ್ನು ಯಾರೂ ಕೇಳಲಿಲ್ಲವಾ?"

"ಒಬ್ಬರೂ ಇಲ್ಲ. ನನಗೆ ವ್ಯಾನ್ ಬಿಡ್ಲಿಕ್ಕೇ ಬರುದಿಲ್ಲ ಅಂತ ಇಡೀ ಊರಿಗೆ ಗೊತ್ತುಂಟಲ್ಲ!"

ಯಾವ ಪುಟವನ್ನು ಯಾರು ನೋಡಿದರೆಂದು ಬರೆಯುವ ಸುದ್ದಿ ಮೇಜಿನ ಕರ್ತವ್ಯ ಪುಸ್ತಕಗಳನ್ನು ನಾವು ಎಸೆಯುವುದಿಲ್ಲ. ಆ ವರ್ಷದ ಪುಸ್ತಕ ತೆಗೆಸಿದೆ. ಆ ದಿನ ಮೂರನೇ ಪುಟದ ಮುಂದೆ ನನ್ನ ಸಹಿ ಇತ್ತು. ಪೈವಳಿಕೆಯಿಂದ ಆಗ ಸುದ್ದಿ ಕಳಿಸುತ್ತಿದ್ದವರು ಈಗ ನಿವೃತ್ತರು. ಆ ಕಾಲದಲ್ಲಿ ಅವರು ಕೈಯಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ, ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದರು. ಬರೆದದ್ದರ ಒಂದು ಪ್ರತಿ ತಮ್ಮಲ್ಲೂ ಇಟ್ಟುಕೊಳ್ಳುವ ಮನುಷ್ಯ. ಫೋನ್ ಮಾಡಿದೆ. ಅರ್ಧ ಗಂಟೆ ಬಿಟ್ಟು ಅವರೇ ಕರೆದು ಓದಿ ಹೇಳಿದರು. ಕೆಳಗಿನಮನೆ, ತಂದೆಯ ಹೆಸರು, ಬಾಡಿಗೆ ಪಿಕ್‌ಅಪ್ ಚಾಲಕ, ವ್ಯಾನಿನ ಮಾಲಕ ಬೇರೆ. ಎಲ್ಲ ಇತ್ತು.

"ನಾನು ಬರೆದದ್ದು ಹದಿನೆಂಟು ಸಾಲು ಮಾರಾಯ್ರೆ. ಏಳು ಸಾಲು ನಿಮ್ಮ ಕತ್ತರಿಗೆ ಹೋದದ್ದು. ಆಗಲೂ ಹೇಳಿದ್ದೆ, ನೀವು ಕೇಳ್ಲಿಲ್ಲ."

ಅವರು ಹೇಳಿದ್ದು ನನಗೆ ನೆನಪಿಲ್ಲ. ಹೇಳಿರಬಹುದು. ಒಂದು ಕಾಲಂ ಸುದ್ದಿಯಲ್ಲಿ ಜಾಗ ಸಾಲದಿದ್ದರೆ ಮೊದಲು ಮನೆ ಹೆಸರು, ಆಮೇಲೆ ತಂದೆಯ ಹೆಸರು, ಆಮೇಲೆ ಉದ್ಯೋಗ ತೆಗೆಯಬೇಕು ಎಂದು ನನಗೆ ಕಲಿಸಿದವರು ನನ್ನ ಹಿರಿಯರು. 'ಊರಿನವರಿಗೆ ಗೊತ್ತಿರುತ್ತದೆ' ಎಂಬುದು ಅದಕ್ಕೆ ಕೊಟ್ಟ ಕಾರಣ. ನನ್ನ ನಂತರ ಬಂದವರಿಗೆ ನಾನೂ ಅದನ್ನೇ ಕಲಿಸಿದೆ. ಊರಿನವರಿಗೆ ಗೊತ್ತಿತ್ತು ಕೂಡ. ಪತ್ರಿಕೆ ಓದುತ್ತಿದ್ದವರು ಊರಿನವರು ಮಾತ್ರವಾಗಿದ್ದಷ್ಟು ಕಾಲ ಆ ಕಾರಣ ಸರಿಯಾಗಿಯೇ ಇತ್ತು.

ಗಿರಣಿಯವರು ಕೇಳಿದ ಮೊದಲ ಪ್ರಶ್ನೆ, ಸುದ್ದಿಯನ್ನು ಅಳಿಸಬಹುದೇ ಎಂಬುದು. ಅಚ್ಚಾದದ್ದನ್ನು ಅಳಿಸಬಾರದು ಎಂಬುದು ನಮ್ಮ ಸಂಪಾದಕರ ನಿಯಮ. ಅಳಿಸಿದರೂ ಪ್ರಯೋಜನವಿಲ್ಲ ಎಂದು ಟೀಚರ್ ವಿವರಿಸಿದರು. ಯಂತ್ರ ಈಗಾಗಲೇ ಪ್ರತಿ ಮಾಡಿಕೊಂಡಿದೆ. ಈಗ ಪುಟ ಕಾಣೆಯಾದರೆ ಸಂಶಯ ಹೆಚ್ಚುತ್ತದೆ. ಹಾಗಾಗಿ ಪತ್ರಿಕೆಯ ಪರವಾಗಿ ನಾನೇ ಪತ್ರ ಬರೆದೆ. ಸುದ್ದಿಯಲ್ಲಿರುವ ವ್ಯಕ್ತಿ ಇವರಲ್ಲ, ವಿವರ ಬಿಟ್ಟದ್ದು ನಮ್ಮ ಲೋಪ ಎಂದು ಸ್ಪಷ್ಟವಾಗಿ ಹೇಳಿ, ಸಹಿ ಮೊಹರು ಹಾಕಿ ಟೀಚರ್ ಮೂಲಕ ಆ ಪರಿಶೀಲನೆಯ ಕಂಪೆನಿಗೆ ಇಮೇಲ್‌ನಲ್ಲಿ ಕಳಿಸಿದೆ.

ನಾಲ್ಕು ನಿಮಿಷದಲ್ಲಿ ಉತ್ತರ ಬಂತು. ಖಾಸಗಿ ಪತ್ರ ಸ್ವೀಕಾರಾರ್ಹವಲ್ಲ. ಇಬ್ಬರು ಬೇರೆ ಬೇರೆ ವ್ಯಕ್ತಿಗಳೆಂದು ತೋರಿಸುವ ಪ್ರಕಟಿತ ಸ್ಪಷ್ಟನೆ ಅಥವಾ ನ್ಯಾಯಾಲಯದ ದಾಖಲೆ ಬೇಕು.

"ಇದನ್ನು ಮನುಷ್ಯರು ಓದಲಿಲ್ಲ" ಎಂದರು ಟೀಚರ್.

ಸ್ಪಷ್ಟನೆ ಪ್ರಕಟಿಸುವುದು ಕಷ್ಟವಲ್ಲ, ನಾಳೆಯೇ ಹಾಕಬಹುದು ಎಂದೆ. ಆದರೆ ಇವರಲ್ಲ ಎಂದು ಹೇಳಬೇಕಾದರೆ ಯಾರು ಎಂಬುದನ್ನೂ ಹೇಳಬೇಕಾಗುತ್ತದೆ. ಆ ಮಾತು ಕೇಳಿದ ಕೂಡಲೇ ಗಿರಣಿಯವರು ಕಾಗದಗಳನ್ನು ಫೈಲಿಗೆ ಹಾಕತೊಡಗಿದರು.

"ಅದು ಬೇಡ ಸಾರ್. ಅವ ಈಗ ಶಾಲೆ ಬಸ್ಸಿನ ಡ್ರೈವರ್. ಸಣ್ಣ ಸಣ್ಣ ಮಕ್ಕಳು ಹೋಗುವ ಬಸ್ಸು. ಕೋರ್ಟಿನಲ್ಲಿ ಬಿಟ್ಟು ಎಷ್ಟೋ ವರ್ಷ ಆಯ್ತು. ಈಗ ನನ್ನ ಆರ್ಡರಿಗೋಸ್ಕರ ಅವನನ್ನು ಪುನಃ ಪೇಪರಿಗೆ ಎಳೆದ್ರೆ ಅಮ್ಮ ನನಗೆ ಅನ್ನ ಹಾಕ್ಲಿಕ್ಕಿಲ್ಲ."

"ಕೋರ್ಟಿನಲ್ಲಿ ಬಿಟ್ಟರಾ?"

"ನಿಮಗೆ ಗೊತ್ತಿಲ್ಲವಾ?"

ಟೀಚರ್ ಹುಡುಕಿದರು. ಆ ಹೆಸರಿನಲ್ಲಿ ಬಿಡುಗಡೆಯ ಸುದ್ದಿ ಯಾವ ವರ್ಷದ ಸಂಚಿಕೆಯಲ್ಲೂ ಇರಲಿಲ್ಲ.

ಗಿರಣಿಯವರು ಹೋದರು. ಅವರ ಅರ್ಜಿಯ ಗತಿ ಎರಡು ದಾರಿಗೆ ಬಂದು ನಿಂತಿತ್ತು. ಸ್ಪಷ್ಟನೆ ಹಾಕದಿದ್ದರೆ ಆರ್ಡರ್ ಇಲ್ಲ. ಹಾಕಿದರೆ ಶಾಲಾ ಮಕ್ಕಳ ಹೆತ್ತವರ ಫೋನುಗಳಲ್ಲಿ ಆ ಹಳೆಯ ಕೇಸು ಮತ್ತೆ ಓಡಾಡುತ್ತದೆ, ಈ ಸಲ ವಿಳಾಸ ಸಹಿತ. ಸಂಪಾದಕರಿಗೆ ಎಲ್ಲವನ್ನೂ ಹೇಳಿದೆ. ಚಾಲಕರನ್ನು ಕಂಡು ಕೇಳುವುದು ಸರಿ, ಒತ್ತಾಯ ಮಾಡಬಾರದು ಎಂದರು. ಗಿರಣಿಯವರಿಗೂ ಫೋನ್ ಮಾಡಿ ತಿಳಿಸಿದೆ. ಅವರು "ನಾನು ಕಳಿಸಿದ್ದು ಅಂತ ಹೇಳ್ಬೇಡಿ" ಎಂದರು.

ಶುಕ್ರವಾರ ಹನ್ನೆರಡರ ಹೊತ್ತಿಗೆ ಶಾಲೆಯ ಹಿಂದಿನ ಬಯಲಿನಲ್ಲಿ ಆ ಚಾಲಕರನ್ನು ಕಂಡೆ. ಬೆಳಗಿನ ಸುತ್ತು ಮುಗಿಸಿ ಸಂಜೆಯವರೆಗೆ ಬಸ್ಸು ಅಲ್ಲೇ ನಿಲ್ಲುತ್ತದೆ. ಅವರು ಸೀಟುಗಳ ಕೆಳಗಿಂದ ಪೆನ್ಸಿಲ್ ಸಿಪ್ಪೆ, ಚಾಕಲೇಟಿನ ಕಾಗದ ಗುಡಿಸಿ ತೆಗೆಯುತ್ತಿದ್ದರು.

"ಎಂತ, ಟಿ.ವಿ.ಯವರಾ?"

"ಅಲ್ಲ, ಪೇಪರಿನವರು" ಎಂದು ಪತ್ರಿಕೆಯ ಹೆಸರು ಹೇಳಿದೆ.

"ಓ, ನೀವಾ. ಹದಿನಾರು ವರ್ಷ ಲೇಟು."

ನಡೆದದ್ದನ್ನು ಆದಿಯಿಂದ ಹೇಳಿದೆ. ಗಿರಣಿಯ ಅಣ್ಣ ಬೇಡವೆಂದದ್ದನ್ನೂ ಹೇಳಿದೆ, ಬಚ್ಚಿಟ್ಟರೆ ಸುದ್ದಿ ಅರ್ಧವಾಗುತ್ತಿತ್ತು. ಅವರು ಪೊರಕೆ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಳಿತು ಕೇಳಿದರು.

"ಹಿಡಿದದ್ದನ್ನು ಮರುದಿನವೇ ಹಾಕಿದ್ರಿ. ಬಿಟ್ಟದ್ದನ್ನು?"

"ಹಾಕಲಿಲ್ಲ."

"ಯಾಕೆ?"

ಹಿಡಿದ ವಿವರ ಸಂಜೆ ತಾನಾಗಿಯೇ ಕಛೇರಿಗೆ ಬರುತ್ತದೆ, ಬಿಟ್ಟ ವಿವರ ಯಾರೂ ಕಳಿಸುವುದಿಲ್ಲ, ಕೋರ್ಟಿಗೆ ಹೋಗಿ ನೋಡಲು ನಮ್ಮಲ್ಲಿ ಜನ ಇರಲಿಲ್ಲ ಎಂದೆ. ಇದು ಕಾರಣ, ಸಮರ್ಥನೆಯಲ್ಲ ಎಂದೂ ಹೇಳಿದೆ.

"ಹಾಗಾದ್ರೆ ನಾನೇ ಬಂದು ಹೇಳ್ಬೇಕಿತ್ತು?"

"ಹೌದು, ಹಾಗೆಯೇ ಇತ್ತು."

"ಬಂದಿದ್ದೆ ಸ್ವಾಮಿ! ತೀರ್ಪು ಸಿಕ್ಕಿದ ವಾರವೇ ಬಂದಿದ್ದೆ. ಕೌಂಟರಿನಲ್ಲಿ ಇದ್ದವರು ಜಾಹೀರಾತು ಕೊಡಿ ಅಂದ್ರು. ಪಾಪ, ಒಂದು ಗ್ಲಾಸ್ ನೀರು ಕೊಟ್ರು, ಅದು ಹೇಳ್ಬೇಕು."

ಅವರು ಎದ್ದು ಚಾಲಕನ ಸೀಟಿನ ಮೇಲಿನ ಚೀಲದಿಂದ ಬಸ್ಸಿನ ದಾಖಲೆಗಳನ್ನು ತೆಗೆದರು. ವಿಮೆ, ಫಿಟ್‌ನೆಸ್, ಲೈಸೆನ್ಸ್. ಅವುಗಳ ಜೊತೆ ತೀರ್ಪಿನ ಕೊನೆಯ ಹಾಳೆ, ಲ್ಯಾಮಿನೇಟ್ ಮಾಡಿದ್ದು. ಚೀಲಗಳ ಕೆಳಗೆ ಮದ್ಯವಿದ್ದ ವಿಷಯ ಚಾಲಕನಿಗೆ ತಿಳಿದಿತ್ತೆಂದು ಸಾಬೀತಾಗಿಲ್ಲ, ಆದ್ದರಿಂದ ದೋಷಮುಕ್ತ ಎಂದಿತ್ತು.

"ದಾರಿಯಲ್ಲಿ ಲೈಸೆನ್ಸ್ ಕೇಳಿದ್ರೆ ಇದನ್ನೂ ಸೇರಿಸಿ ಕೊಡುದು. ಪೊಲೀಸ್ರು ನಗ್ತಾರೆ."

"ಶಾಲೆಯವರಿಗೆ?"

"ಕೆಲಸ ಕೇಳ್ಲಿಕ್ಕೆ ಬಂದ ದಿನವೇ ಹೆಡ್‌ಮಿಸ್ಸಿಗೆ ಕೊಟ್ಟಿದ್ದೇನೆ. ಅವರು ಪಿ.ಟಿ.ಎ. ಮೀಟಿಂಗಿನಲ್ಲಿ ಮಕ್ಕಳ ಹೆತ್ತವರೆಲ್ಲರ ಎದುರು ಓದಿ ಹೇಳಿದ್ರು. ಮತ್ತೆ ಯಾರಿಗೆ ಹೆದರ್ಬೇಕು? ಈ ಊರಿನಲ್ಲಿ ಗೊತ್ತಿಲ್ಲದ್ದು ನಿಮಗೆ ಮಾತ್ರ."

ಎರಡು ದಿನಗಳಿಂದ ನನ್ನನ್ನು ಕಾಡುತ್ತಿದ್ದದ್ದು ಈ ಒಂದು ವಿಷಯ. ಅದು ಅಲ್ಲಿಗೆ ಹಗುರವಾಯಿತು. ಅವರು ಮೊಬೈಲ್ ತೆಗೆದು ಅಣ್ಣನಿಗೆ ಕರೆ ಮಾಡಿ, ನನಗೂ ಕೇಳುವಂತೆ ಇಟ್ಟರು. ಮಾತು ತುಳುವಿನಲ್ಲಿ ನಡೆಯಿತು. ನನಗೆ ತಿಳಿದ ಹಾಗೆ ಬರೆಯುತ್ತೇನೆ.

"ಏ ಅಣ್ಣ, ನನ್ನ ಕೇಸಿನಲ್ಲಿ ನೀನು ಯಾಕೆ ಒಳಗೆ ಹೋಗುದು? ಅದಕ್ಕೂ ಪಾಲು ಬೇಕಾ ಮೇಲಿನಮನೆಯವರಿಗೆ?"

ಆ ಕಡೆಯಿಂದ ಗಿರಣಿಯವರು ಕೇಳಿದರು: "ಪೇಪರಿನವರು ಅಲ್ಲಿಗೆ ಬಂದ್ರಾ?"

"ನನ್ನ ಎದುರೇ ಇದ್ದಾರೆ. ಹಾಕ್ಲಿ ಅಂತ ಹೇಳ್ತೇನೆ."

"ನಿನಗೆ ಅಡ್ಡಿ ಇಲ್ಲವಾ?"

"ಅಡ್ಡಿ ಇದ್ದದ್ದು ಆಗ. ಹಿಡಿದ ಸುದ್ದಿ ಬಂದು ನಿಂತುಹೋಗಿದೆ, ಬಿಟ್ಟದ್ದೂ ಒಮ್ಮೆ ಬರ್ಲಿ. ನಿನಗೆ ಎಣ್ಣೆ ಹೋದ ಹಾಗೂ ಆಯ್ತು."

ಫೋನ್ ಇಟ್ಟು ನನ್ನ ಕಡೆ ತಿರುಗಿದರು. "ತಂದೆಯ ಹೆಸರು ಹಾಕಿ, ಮನೆ ಹೆಸರು ಹಾಕಿ. ಈ ಸರ್ತಿ ಕಡಿಬೇಡಿ." ಎರಡು ಷರತ್ತು ಹಾಕಿದರು. ಫೋಟೋ ಬೇಡ, ಶಾಲೆಯ ಹೆಸರು ಬೇಡ. ಎರಡನ್ನೂ ಅವರ ಎದುರೇ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಅವರ ಮನೆಯಲ್ಲಿದ್ದ ತೀರ್ಪಿನ ಪೂರ್ಣ ಪ್ರತಿಯನ್ನು ತರಿಸಿ ಶನಿವಾರ ವಕೀಲರೊಬ್ಬರಿಗೆ ತೋರಿಸಿ ಖಚಿತಪಡಿಸಿಕೊಂಡೆವು. ಸೋಮವಾರದ ಪತ್ರಿಕೆಯಲ್ಲಿ, ಅದೇ ಮೂರನೇ ಪುಟದಲ್ಲಿ, 'ಮದ್ಯ ಸಾಗಾಟ ಪ್ರಕರಣ: ಚಾಲಕ ದೋಷಮುಕ್ತ' ಎಂಬ ತಲೆಬರಹದ ಸುದ್ದಿ ಬಂತು. ತೀರ್ಪು ಬಂದ ವರ್ಷವನ್ನೂ, ನಾವು ಆಗ ಪ್ರಕಟಿಸಿರಲಿಲ್ಲ ಎಂಬುದನ್ನೂ ಬರೆದೆವು. ಅದರ ಕೆಳಗೆ, ಅದೇ ಹೆಸರಿನ ಮೇಲಿನಮನೆಯವರಿಗೆ ಈ ಪ್ರಕರಣದೊಂದಿಗೆ ಯಾವ ಸಂಬಂಧವೂ ಇರಲಿಲ್ಲ, ವಿವರ ಬಿಟ್ಟದ್ದಕ್ಕೆ ವಿಷಾದಿಸುತ್ತೇವೆ ಎಂಬ ಸ್ಪಷ್ಟನೆ. ಒಟ್ಟು ಇಪ್ಪತ್ತಾರು ಸಾಲು. ಪುಟ ನೋಡಿದ ಸಂಪಾದಕರು "ಇಷ್ಟು ಉದ್ದ ಬೇಕಾ?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಸಹಿ ಹಾಕಿದರು.

ಟೀಚರ್ ಹಳೆಯ ಸುದ್ದಿಯ ಕೆಳಗೆ ಹೊಸದನ್ನು ಸೇರಿಸಿದರು. ಹಳೆಯದರ ಒಂದು ಅಕ್ಷರವೂ ಬದಲಾಗಲಿಲ್ಲ. ಸೋಮವಾರವೇ ಪುಟ, ತೀರ್ಪು ಎರಡೂ ಆ ಕಂಪೆನಿಗೆ ಹೋದವು.

ಈ ಸಲ ನಾಲ್ಕು ನಿಮಿಷದಲ್ಲಿ ಉತ್ತರ ಬರಲಿಲ್ಲ. ಸಂಜೆಯೂ ಬರಲಿಲ್ಲ. "ಈಗ ಮನುಷ್ಯರು ಓದ್ತಾ ಇರಬೇಕು, ಅದಕ್ಕೇ ತಡ" ಎಂದರು ಟೀಚರ್. ಮಂಗಳವಾರ ಗಿರಣಿಯವರು ಮೂರು ಸಲ ಫೋನ್ ಮಾಡಿದರು. ಬುಧವಾರ ಮಾಡಲಿಲ್ಲ. ಅದು ಹೆಚ್ಚು ಕಷ್ಟವಾಯಿತು. ಗುರುವಾರ, ಗಡುವಿಗೆ ಇನ್ನೊಂದು ದಿನ ಇರುವಾಗ, ಸಂಜೆ ನಾಲ್ಕು ಇಪ್ಪತ್ತಕ್ಕೆ ಕರೆ ಬಂತು.

"ಸಾರ್, ಕೆಂಪು ಹೋಯ್ತು. ಹಸಿರು ಬಂದಿದೆ."

ಹಿಂದೆ ಗಿರಣಿಯ ಹೆಂಗಸರ ಸದ್ದು ಕೇಳುತ್ತಿತ್ತು. ಒಬ್ಬರು "ಜೈಲಿನಿಂದ ಹೊರಗೆ ಬಂದ್ರಾ ನಮ್ಮ ಧಣಿ?" ಎಂದು ಕೇಳಿದ್ದು, ಉಳಿದವರು ನಕ್ಕದ್ದು ಸ್ಪಷ್ಟವಾಗಿ ಕೇಳಿಸಿತು. ಗಿರಣಿಯವರೂ ನಗುತ್ತಿದ್ದರು. ನಾನು ಕೈಯಲ್ಲಿದ್ದ ಪುಟ ಬಿಟ್ಟು ಎದ್ದು ಹೋಗಿ ಟೀಚರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು "ಅಬ್ಬಾ" ಎಂದರು. ಆ ದಿನ ಮೂರನೇ ಪುಟ ಇಪ್ಪತ್ತು ನಿಮಿಷ ತಡವಾಗಿ ಮುದ್ರಣಕ್ಕೆ ಹೋಯಿತು. ಕರ್ತವ್ಯ ಪುಸ್ತಕದಲ್ಲಿ ಕಾರಣದ ಜಾಗವನ್ನು ಖಾಲಿ ಬಿಟ್ಟೆ.

ಮರುದಿನದಿಂದ ಸುದ್ದಿ ಮೇಜಿನಲ್ಲಿ ಎರಡು ಬದಲಾವಣೆ ಆದವು. ಬಂಧನದ ಸುದ್ದಿಯಲ್ಲಿ ಮನೆ ಹೆಸರು, ತಂದೆಯ ಹೆಸರು ಕಡಿಯುವ ಹಾಗಿಲ್ಲ. ಜಾಗ ಸಾಲದಿದ್ದರೆ ಸುದ್ದಿಯನ್ನೇ ನಾಳೆಗೆ ಇಡಬೇಕು. ದೋಷಮುಕ್ತರಾದವರು ತೀರ್ಪು ತಂದರೆ, ಬಂಧನದ ಸುದ್ದಿ ಬಂದ ಪುಟದಲ್ಲೇ ಅದನ್ನೂ ಉಚಿತವಾಗಿ ಹಾಕಬೇಕು. ಇದನ್ನು ಪ್ರಕಟಿಸಿದ ವಾರವೇ ಐವರು ಬಂದರು. ಮೊದಲು ಬಂದವರಲ್ಲಿ ಇಬ್ಬರು ಪಂಚಾಯತ್ ಚುನಾವಣೆಯ ಅಭ್ಯರ್ಥಿಗಳು, ಬೇರೆ ಬೇರೆ ಪಕ್ಷದವರು. ಇಬ್ಬರದ್ದೂ ರಸ್ತೆತಡೆಯ ಹಳೆಯ ಕೇಸು. ಕೌಂಟರಿನ ಮುಂದಿನ ಬೆಂಚಿನಲ್ಲಿ ಅಕ್ಕಪಕ್ಕ ಕುಳಿತು ತಮ್ಮ ಸರದಿಗೆ ಕಾದರು. ಇಬ್ಬರ ಸುದ್ದಿಯೂ ಒಂದೇ ದಿನ, ಒಂದೇ ಅಳತೆಯಲ್ಲಿ ಬಂತು.

ಗಿರಣಿಯ ಒಪ್ಪಂದಕ್ಕೆ ಡಿಸೆಂಬರ್ ಮೊದಲ ವಾರ ಸಹಿ ಬಿತ್ತು. ಎಣ್ಣೆಯ ಮೊದಲ ಲೋಡು ಮಕರ ಸಂಕ್ರಾಂತಿಯ ನಂತರದ ಸೋಮವಾರ ಕೊಚ್ಚಿ ಬಂದರಿಗೆ ಹೋಯಿತು. ಎರಡನೆಯದು ಕಳೆದ ಮಂಗಳವಾರ ಬೆಳಿಗ್ಗೆ ಆರೂವರೆಗೆ ಸೀತಾಂಗೋಳಿಯಿಂದ ಹೊರಟಿತು. ಗಿರಣಿಯಲ್ಲಿ ಈಗ ಹದಿನಾಲ್ಕು ಮಂದಿ ಕೆಲಸ ಮಾಡುತ್ತಿದ್ದಾರೆ.